ಆನ್‌ಲೈನ್ ಚೆಸ್‌ನಲ್ಲಿ ಡ್ರಾ ಕೇಳುವ ರೀತಿ

ಭಾನುವಾರ ಬೆಳಿಗ್ಗೆ ಧಾರವಾಡದ ಸಪ್ತಾಪುರದ ನಮ್ಮ ಮನೆಯ ಪಡಸಾಲೆಯಲ್ಲಿ ಏಳೆಂಟು ಮಕ್ಕಳು ಚೆಸ್ ಕಲಿಯಲು ಸೇರುತ್ತಾರೆ. ಕಳೆದ ಮಳೆಗಾಲದಲ್ಲಿ ಒಂದು ದಿನ ಹನ್ನೊಂದು ವರ್ಷದ ಹುಡುಗಿಯೊಬ್ಬಳು ಟ್ಯಾಬಿನಲ್ಲಿ ಯಾರೋ ಗುರುತಿಲ್ಲದವರ ಜೊತೆ ಆಡುತ್ತಿದ್ದಳು. ಇಬ್ಬರ ಹತ್ತಿರವೂ ಒಂದೊಂದು ಆನೆ ಉಳಿದಿತ್ತು. ಇವಳಿಗೆ ಒಂದು ಕಾಲಾಳು ಜಾಸ್ತಿ. ಎದುರಿನವರು ಡ್ರಾ ಕೇಳಿದರು. ಇವಳು ಬೇಡ ಅಂದಳು. ಸ್ವಲ್ಪ ಹೊತ್ತಿಗೆ ಮತ್ತೆ ಕೇಳಿದರು. ಮತ್ತೆ ಬೇಡ ಅಂದಳು. "ಸರ್ರ, ಇವ್ರು ಮತ್ತ ಕೇಳಾಕತ್ತಾರ್ರಿ" ಅಂತ ಮೂರನೇ ಸಲ ನನ್ನ ಕಡೆ ತಿರುಗಿದಳು. ನಾನು ಎದ್ದು ಹತ್ತಿರ ಬರುವಷ್ಟರಲ್ಲಿ ಸರಿ ಗುರುತನ್ನು ಒತ್ತಿಬಿಟ್ಟಿದ್ದಳು.

"ಯಾಕವಾ, ಗೆಲ್ಲೋ ಆಟ ಇತ್ತಲ್ಲ?" ಅಂದೆ.

"ಸಾಕಾತ್ರಿ ಸರ್ರ."

ನಿಯಮದ ಪ್ರಕಾರ ಅದು ಸರಿಯಾದ ಡ್ರಾ. ಅದನ್ನು ಯಾರೂ ಅಳಿಸಲಾರರು. ಆದರೆ ಡ್ರಾ ಆದಾಗ ಇಬ್ಬರಿಗೂ ಸಿಗುವ ಆ ಅರ್ಧ ಪಾಯಿಂಟನ್ನು ಎದುರಾಳಿ ಒಂದು ಮಗುವಿಗೆ ಬೇಸರ ತರಿಸಿ ತೆಗೆದುಕೊಂಡಿದ್ದರು. ಅವತ್ತಿನಿಂದ ಆನೆ, ಒಂಟೆ ನಡೆಸುವುದನ್ನು ಕಲಿಸುವಾಗಲೇ ಡ್ರಾ ಕೇಳುವ ರೀತಿಯನ್ನೂ ಮಕ್ಕಳಿಗೆ ಹೇಳಿಕೊಡುತ್ತೇನೆ. ಹುಬ್ಬಳ್ಳಿ, ಗದಗ, ಹಾವೇರಿ ಕಡೆ ರಾತ್ರಿ ಊಟ ಮುಗಿಸಿ ಫೋನ್ ಹಿಡಿದು ಆಡುವ ದೊಡ್ಡವರಿಗೂ ಇದು ಬೇಕು ಅಂತ ಅನಿಸಿ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಸೆಟ್ಟಿಂಗ್ಸ್ ನೋಡಿಕೊಳ್ಳಿ

ಆನ್‌ಲೈನ್ ಚೆಸ್ ಆಡುವ ತಾಣ ಲಿಚೆಸ್ ಇರಲಿ, ಚೆಸ್ ಡಾಟ್ ಕಾಮ್ ಇರಲಿ, ಡ್ರಾ ಬಟನ್ ಮೇಲೆ ಅರ್ಧದ ಗುರುತು ಇರುತ್ತದೆ. ಅದರ ಪಕ್ಕದಲ್ಲೇ ಸೋಲೊಪ್ಪುವ ಬಾವುಟ. ಚಿಕ್ಕ ಫೋನಿನಲ್ಲಿ ಬೆರಳು ಒಂದರ ಬದಲು ಇನ್ನೊಂದಕ್ಕೆ ತಾಗುವುದು ಹೊಸದೇನಲ್ಲ. ಎರಡೂ ಕಡೆ ಸೆಟ್ಟಿಂಗ್ಸ್‌ನಲ್ಲಿ "ಡ್ರಾ ಕೇಳುವ ಮುಂಚೆ, ಸೋಲೊಪ್ಪುವ ಮುಂಚೆ ಇನ್ನೊಂದು ಸಲ ಕೇಳು" ಅನ್ನುವ ಅರ್ಥದ ಒಂದು ಆಯ್ಕೆ ಇದೆ. ಅದನ್ನು ಆನ್ ಮಾಡಿಟ್ಟುಕೊಳ್ಳಿ. ಮಕ್ಕಳ ಫೋನಿನಲ್ಲಂತೂ ಮರೆಯಬೇಡಿ.

ಇನ್ನೊಂದು ವಿಷಯ ಜಾಸ್ತಿ ಜನಕ್ಕೆ ಗೊತ್ತಿರುವುದಿಲ್ಲ. ಕೆಲವು ಡ್ರಾಗಳನ್ನು ಕೇಳಬೇಕಾಗೇ ಇಲ್ಲ. ರಾಜನಿಗೆ ಚೆಕ್ ಇಲ್ಲ, ಆಡಲು ಒಂದು ನಡೆಯೂ ಇಲ್ಲ ಅಂದರೆ ಆಟ ಅಲ್ಲಿಗೆ ಡ್ರಾ. ಎದುರಾಳಿಯ ಹತ್ತಿರ ಬರೀ ರಾಜ ಉಳಿದಿದ್ದರೆ, ನಿಮ್ಮ ಸಮಯ ಮುಗಿದರೂ ನೀವು ಸೋಲುವುದಿಲ್ಲ, ಅದೂ ಡ್ರಾ. ಒಂದೇ ಸ್ಥಿತಿ ಮೂರು ಸಲ ಬಂದರೆ ಚೆಸ್ ಡಾಟ್ ಕಾಮ್ ತಾನೇ ಡ್ರಾ ಅಂತ ಮುಗಿಸುತ್ತದೆ. ಲಿಚೆಸ್‌ನಲ್ಲಿ ಮೂರನೇ ಸಲಕ್ಕೆ ನೀವು ಬಟನ್ ಒತ್ತಿ ಹಕ್ಕು ಕೇಳಬೇಕು. ಐದನೇ ಸಲ ಬಂದರೆ ಅದು ತಾನಾಗಿ ಮುಗಿಯುತ್ತದೆ. ಮೂರಕ್ಕೇ ತಾನಾಗಿ ಮುಗಿಯಲಿ ಅನ್ನುವುದಾದರೆ ಅದಕ್ಕೂ ಅಲ್ಲೊಂದು ಸೆಟ್ಟಿಂಗ್ ಇದೆ.

ಈ ಹಕ್ಕು ಬೇರೆ, ವಿನಂತಿ ಬೇರೆ. ಮೂರು ಸಲ ಮರುಕಳಿಸಿದ ಡ್ರಾ ನಿಮ್ಮ ಹಕ್ಕು. ಅದಕ್ಕೆ ಎದುರಿನವರ ಒಪ್ಪಿಗೆ ಬೇಕಿಲ್ಲ, ಸಂಕೋಚವೂ ಬೇಕಿಲ್ಲ. ಆಟದ ಮಧ್ಯೆ ಅರ್ಧದ ಬಟನ್ ಒತ್ತುವುದು ವಿನಂತಿ. ರೀತಿ ರಿವಾಜು ಬರುವುದು ಅಲ್ಲಿ.

ಕೇಳುವ ಮುಂಚೆ ಹಲಗೆ ನೋಡಿ

ನೀವು ಸೋಲುತ್ತಿದ್ದರೆ ಕೇಳಬೇಡಿ. ಇಷ್ಟು ಒಂದು ಪಾಲಿಸಿದರೆ ಅರ್ಧ ಜಗಳ ಕಡಿಮೆಯಾಗುತ್ತದೆ. ಒಂದು ಕುದುರೆ ಕಳೆದುಕೊಂಡ ಮರುಕ್ಷಣ ಡ್ರಾ ಕೇಳುವವರನ್ನು ನೀವೂ ನೋಡಿರುತ್ತೀರಿ. ಎದುರಿನವರಿಗೆ ಅದು "ನಿನಗೆ ಆಟ ಬರಲ್ಲ, ಬಾ ಬಿಟ್ಟುಬಿಡು" ಅಂದ ಹಾಗೆ ಕೇಳುತ್ತದೆ.

ಹಾಗಾದರೆ ಯಾವಾಗ ಕೇಳಬಹುದು? ಇಬ್ಬರಿಗೂ ಗೆಲ್ಲುವ ದಾರಿ ಕಾಣದಿದ್ದಾಗ. ಇಬ್ಬರ ಹತ್ತಿರವೂ ಒಂದೊಂದು ಒಂಟೆ, ಒಂದು ಬಿಳಿ ಮನೆಯದ್ದು, ಇನ್ನೊಂದು ಕಪ್ಪು ಮನೆಯದ್ದು, ಕಾಲಾಳುಗಳೆಲ್ಲ ಎದುರುಬದುರು ಸಿಕ್ಕಿಕೊಂಡಿವೆ: ಕೇಳಿ. ಎರಡೂ ಕಡೆ ಆನೆ ಒಂದೊಂದು, ಕಾಲಾಳು ಸಮ, ಎಲ್ಲ ಒಂದೇ ಪಕ್ಕದಲ್ಲಿವೆ: ಕೇಳಬಹುದು. ನಿಮ್ಮ ರಾಣಿ ನಿಲ್ಲಿಸದೆ ಚೆಕ್ ಕೊಡುತ್ತಲೇ ಇರಬಹುದು, ಅವರ ರಾಜನಿಗೆ ತಪ್ಪಿಸಿಕೊಳ್ಳುವ ಜಾಗ ಇಲ್ಲ: ಆಗ ಕೇಳುವ ಬದಲು ಸುಮ್ನೆ ಚೆಕ್ ಕೊಡುತ್ತಾ ಹೋಗಿ, ಸ್ಥಿತಿ ತಾನಾಗಿ ಮರುಕಳಿಸುತ್ತದೆ.

ನಿಮ್ಮದೇ ಮೇಲುಗೈ ಇದ್ದರೆ? ಆಗ ಕೇಳಿದರೆ ಯಾರಿಗೂ ಬೇಸರ ಆಗುವುದಿಲ್ಲ. 2018ರ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಮ್ಯಾಗ್ನಸ್ ಕಾರ್ಲ್‌ಸನ್, ಫ್ಯಾಬಿಯಾನೊ ಕರುವಾನಾ ಆಡಿದ 12 ಆಟಗಳೂ ಡ್ರಾ ಆದವು. 12ನೇ ಆಟದಲ್ಲಿ ಕಾರ್ಲ್‌ಸನ್ ಸ್ಥಿತಿಯೇ ಚೆನ್ನಾಗಿತ್ತು, ಸಮಯವೂ ಅವರಿಗೇ ಜಾಸ್ತಿ ಇತ್ತು. ಆದರೂ 31ನೇ ನಡೆಗೆ ಡ್ರಾ ಕೇಳಿದವರು ಅವರೇ. ಆಮೇಲೆ ಪಟ್ಟ ನಿರ್ಧರಿಸಲು ಆಡಿದ ಕಡಿಮೆ ಸಮಯದ ರ್ಯಾಪಿಡ್ ಆಟಗಳಲ್ಲಿ 3–0 ಗೆದ್ದು ಪಟ್ಟ ಉಳಿಸಿಕೊಂಡರು. ಅದು ಅವರ ಲೆಕ್ಕಾಚಾರ. ನಮ್ಮ ಮಕ್ಕಳಿಗೆ ನಾನು ಹೇಳುವುದು ಬೇರೆ: ಮೇಲುಗೈ ಇದ್ದರೆ ಆಡಿ, ಕಲಿಯುವುದು ಅಲ್ಲೇ.

ಆಟ ಶುರುವಾಗಿ ಐದಾರು ನಡೆಗೇ ಡ್ರಾ ಕೇಳುವುದು ನನಗೆ ಸ್ವಲ್ಪವೂ ಸೇರುವುದಿಲ್ಲ. ಎದುರಿನವರು ಒಂದು ಆಟ ಆಡಬೇಕು ಅಂತ ಕೂತಿರುತ್ತಾರೆ. ಟೀ ಕೊಡುತ್ತೇನೆ ಅಂತ ಕರೆದು ಬಾಗಿಲಲ್ಲೇ ಕಳಿಸಿದ ಹಾಗಾಗುತ್ತದೆ. ದೊಡ್ಡ ಟೂರ್ನಿಗಳಲ್ಲೂ ಈ ತೊಂದರೆ ಇತ್ತು. ಅದಕ್ಕೇ 2005ರಲ್ಲಿ ಬಲ್ಗೇರಿಯಾದ ಸೋಫಿಯಾದಲ್ಲಿ ನಡೆದ ಟೂರ್ನಿಯಲ್ಲಿ ಆಟಗಾರರು ತಮ್ಮತಮ್ಮಲ್ಲೇ ಮಾತಾಡಿಕೊಂಡು ಡ್ರಾ ಮಾಡುವ ಹಾಗಿಲ್ಲ ಅಂತ ನಿಯಮ ತಂದರು. ಇವತ್ತಿಗೂ ಅಂಥ ನಿಯಮಕ್ಕೆ ಸೋಫಿಯಾ ನಿಯಮ ಅಂತಲೇ ಹೆಸರು.

ನಿಮ್ಮ ನಡೆ ಆಡಿ, ಆಮೇಲೆ ಬಟನ್ ಒತ್ತಿ

ಹಲಗೆ ಮುಂದೆ ಕೂತು ಆಡುವಾಗ ಜಾಗತಿಕ ಚೆಸ್ ಸಂಸ್ಥೆ ಫಿಡೆಯ ನಿಯಮ ಸ್ಪಷ್ಟವಾಗಿದೆ. ಮೊದಲು ನಿಮ್ಮ ನಡೆ ಆಡಬೇಕು, ಆಮೇಲೆ ಬಾಯಿಬಿಟ್ಟು ಡ್ರಾ ಕೇಳಬೇಕು, ಆಮೇಲೆ ಗಡಿಯಾರ ಒತ್ತಬೇಕು. ಇಬ್ಬರೂ ಹಾಳೆಯಲ್ಲಿ ಸಮ ಗುರುತು ಹಾಕಿಕೊಳ್ಳುತ್ತಾರೆ. ಕೇಳಿದ ಮೇಲೆ ಹಿಂದಕ್ಕೆ ತೆಗೆದುಕೊಳ್ಳುವ ಹಾಗಿಲ್ಲ. ಎದುರಿನವರು ಬಾಯಲ್ಲಿ ಬೇಡ ಅನ್ನಬಹುದು, ಇಲ್ಲವೇ ಆಡುವುದಕ್ಕೆ ಅಂತ ಒಂದು ಕಾಯಿ ಮುಟ್ಟಿದರೂ ಬೇಡ ಅಂದ ಹಾಗೆಯೇ.

ಈ ಕ್ರಮದ ಹಿಂದೆ ಒಂದು ನ್ಯಾಯ ಇದೆ. ನೀವು ಏನು ಆಡಿದಿರಿ ಅನ್ನುವುದು ನೋಡಿ ಆಮೇಲೆ ಹೂಂ ಅಥವಾ ಉಹೂಂ ಅನ್ನುವ ಅವಕಾಶ ಎದುರಿನವರಿಗೆ ಸಿಗಬೇಕು. ನೀವು ನಡೆ ಆಡದೆ ಕೇಳಿದರೆ, ಅವರು ಕಣ್ಣು ಕಟ್ಟಿಕೊಂಡು ಉತ್ತರ ಹೇಳಿದ ಹಾಗೆ. ಅವರು ಯೋಚನೆ ಮಾಡುತ್ತಾ ಕೂತಿರುವಾಗ ನಡುವೆ ಕೇಳಿದರಂತೂ ಕಟ್ಟಿಕೊಂಡಿದ್ದ ಲೆಕ್ಕವೆಲ್ಲ ಬಿಚ್ಚಿಹೋಗುತ್ತದೆ. ಎದುರಾಳಿಯ ಗಮನ ಕೆಡಿಸಬಾರದು ಅಂತ ಫಿಡೆ ನಿಯಮದಲ್ಲೇ ಇದೆ. ಅದರಲ್ಲಿ ಹೊತ್ತಲ್ಲದ ಹೊತ್ತಿನಲ್ಲಿ ಡ್ರಾ ಕೇಳುವುದೂ ಸೇರಿದೆ.

ಆನ್‌ಲೈನ್‌ನಲ್ಲಿ ಬಟನ್ ಯಾವಾಗ ಒತ್ತಿದರೂ ಹೋಗುತ್ತದೆ. ತಡೆಯುವ ಅಂಪೈರ್ ಇಲ್ಲ. ಹಾಗಾಗಿ ನಾವೇ ಅಭ್ಯಾಸ ಮಾಡಿಕೊಳ್ಳಬೇಕು. ನಡೆ ಆಡಿ, ತಕ್ಷಣ ಒತ್ತಿ, ಕೈ ತೆಗೆಯಿರಿ. ನಡೆ ಆಡಿ ಅರ್ಧ ನಿಮಿಷ ಆದ ಮೇಲೆ ಒತ್ತಬೇಡಿ. ಅಷ್ಟರಲ್ಲಿ ಅವರು ಯೋಚನೆಗೆ ಇಳಿದಿರುತ್ತಾರೆ.

ಮೂರು ನಿಮಿಷದ ಬ್ಲಿಟ್ಜ್, ಒಂದು ನಿಮಿಷದ ಬುಲೆಟ್ ಆಡುವವರು ಇನ್ನೂ ಎಚ್ಚರ ಇರಬೇಕು. ಎದುರಿನವರಿಗೆ ಏಳು ಸೆಕೆಂಡ್ ಉಳಿದಿದೆ ಅಂದುಕೊಳ್ಳಿ. ಅವರ ಬೆರಳು ಹಲಗೆ ಮೇಲೆ ಓಡುತ್ತಿದೆ. ಆಗ ಪರದೆಯ ಕೆಳಗೆ ನಿಮ್ಮ ಪ್ರಶ್ನೆ ಧುತ್ತೆಂದು ಎದ್ದರೆ ಕಣ್ಣು ಅಲ್ಲಿಗೆ ಹೋಗುತ್ತದೆ, ಒಂದು ಸೆಕೆಂಡ್ ಹೋಯಿತು. ಆ ಒಂದು ಸೆಕೆಂಡಿಗಾಗಿಯೇ ಕೇಳುವವರೂ ಇದ್ದಾರೆ. ಅದು ಮೋಸಕ್ಕೆ ತೀರ ಹತ್ತಿರ. ನಿಮಗೇ ಸಮಯ ಕಡಿಮೆ ಇದ್ದು ಸ್ಥಿತಿ ನಿಜವಾಗಿಯೂ ಸಮ ಇದ್ದರೆ ಒಂದು ಸಲ ಕೇಳಿ, ತಪ್ಪಿಲ್ಲ. ಅವರು ಬೇಡ ಅಂದು ನಿಮ್ಮ ಗಡಿಯಾರ ಮುಗಿಯುವ ತನಕ ಆಡಿದರೆ ಅವರನ್ನು ಬೈಯಬೇಡಿ. ಇನ್ಕ್ರಿಮೆಂಟ್ (ಪ್ರತಿ ನಡೆಗೆ ಸೇರುವ ಸಮಯ) ಇಲ್ಲದ ಆಟ ಆರಿಸಿಕೊಂಡ ಮೇಲೆ ಸಮಯವೂ ಆಟದ ಭಾಗವೇ. ಅದು ಇಷ್ಟ ಇಲ್ಲದಿದ್ದರೆ ಪ್ರತಿ ನಡೆಗೆ ಎರಡೋ ಮೂರೋ ಸೆಕೆಂಡ್ ಸೇರುವ ಆಟ ಆಡಿ. ನಾನು ಮಕ್ಕಳನ್ನು ಅದಕ್ಕೇ ಕೂರಿಸುವುದು. ಹಾಗಂತ ಆನೆ ಎದುರು ಆನೆ ಮಾತ್ರ ಉಳಿದಿರುವಾಗ, ಎದುರಿನವರಿಗೆ ಎರಡು ಸೆಕೆಂಡ್ ಇದೆ ಅಂತ ಬರೀ ಗಡಿಯಾರ ನೋಡಿ ಆಡಿಸುವುದು ನನ್ನ ಕೈಲಿ ಆಗುವುದಿಲ್ಲ. ಡ್ರಾ ಒಪ್ಪಿಬಿಡುತ್ತೇನೆ.

ಒಂದೇ ಸಲ

ಈ ಬರಹದಲ್ಲಿ ಒಂದೇ ಒಂದು ಮಾತು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ಕೇಳುವುದು ಒಂದು ಸಲ. ಅವರು ಬೇಡ ಅಂದರೆ, ಅಥವಾ ಏನೂ ಹೇಳದೆ ತಮ್ಮ ನಡೆ ಆಡಿದರೆ, ಉತ್ತರ ಬಂತು ಅಂತ ತಿಳಿಯಿರಿ.

ಹಳೆಯ ಆಟಗಾರರಲ್ಲಿ ಒಂದು ಒಳ್ಳೆಯ ರೂಢಿ ಇದೆ. ನೀವು ಕೇಳಿ ಅವರು ಬೇಡ ಅಂದರೆ, ಮುಂದಿನ ಸಲ ಕೇಳುವ ಸರದಿ ಅವರದು. ನಿಯಮ ಪುಸ್ತಕದಲ್ಲಿ ಇದು ಇಲ್ಲ. ಆದರೂ ಇದಕ್ಕಿಂತ ಸರಳವಾದ, ಇದಕ್ಕಿಂತ ಚೆಂದದ ರೀತಿ ನನಗೆ ಗೊತ್ತಿಲ್ಲ. ಬೇಡ ಅಂದವರ ಮನಸ್ಸಿನಲ್ಲಿ ಏನೋ ಒಂದು ಉಪಾಯ ಇರುತ್ತದೆ. ಅದನ್ನು ಆಡಿ ನೋಡಲಿ. ಆಗದಿದ್ದರೆ ಅವರೇ ಕೇಳುತ್ತಾರೆ.

ಈ ರೂಢಿಗೆ ಒಂದೇ ವಿನಾಯಿತಿ ಕೊಡಬಹುದು. ಕಾಯಿ ಬದಲಾಗಿ ಸ್ಥಿತಿ ಪೂರ್ತಿ ಬೇರೆಯಾಗಿದೆ, ಇಪ್ಪತ್ತು ಇಪ್ಪತ್ತೈದು ನಡೆ ಆಗಿಹೋಗಿದೆ, ಈಗ ಯಾರಿಗೂ ಏನೂ ಉಳಿದಿಲ್ಲ ಅಂದರೆ ಇನ್ನೊಂದು ಸಲ ಕೇಳಬಹುದು. ಮೂರನೆಯದು ಬೇಡವೇ ಬೇಡ.

ನಾನೂ ಈ ತಪ್ಪು ಮಾಡಿದ್ದೇನೆ. ಹಾವೇರಿಯ ಒಬ್ಬರ ಜೊತೆ ರಾತ್ರಿ ಹದಿನೈದು ನಿಮಿಷದ ಆಟ ಆಡುತ್ತಿದ್ದೆ. ಅವರಿಗೆ ಆನೆ ಮತ್ತು ಒಂದು ಕಾಲಾಳು, ನನಗೆ ಬರೀ ಆನೆ. ನನ್ನ ರಾಜ ಕಾಲಾಳಿನ ದಾರಿಗೆ ಅಡ್ಡ ಕೂತಿತ್ತು. ಆನೆ ನನ್ನ ಕಡೆಯಿಂದ ಮೂರನೇ ಸಾಲಿನಲ್ಲಿ ನಿಂತು ಅವರ ರಾಜನನ್ನು ಒಳಗೆ ಬಿಡದೆ ಕಾಯುತ್ತಿತ್ತು. ಕಾಲಾಳು ಆ ಸಾಲಿಗೆ ಬಂದ ಕೂಡಲೇ ಆನೆಯನ್ನು ಹಲಗೆಯ ಆಚೆ ತುದಿಗೆ ಒಯ್ದು ಹಿಂದಿನಿಂದ ಚೆಕ್ ಕೊಡುತ್ತಾ ಹೋದರೆ ಡ್ರಾ. ಇದಕ್ಕೆ ಫಿಲಿಡಾರ್ ಸ್ಥಿತಿ ಅಂತಾರೆ. ಹದಿನೆಂಟನೇ ಶತಮಾನದಿಂದ ಗೊತ್ತಿರುವ ಸಂಗತಿ. ನನಗೆ ಗೊತ್ತಿತ್ತು, ಅವರಿಗೂ ಗೊತ್ತಿರಬೇಕು ಅಂದುಕೊಂಡು ಡ್ರಾ ಕೇಳಿದೆ. ಬೇಡ ಅಂದರು. ಹತ್ತು ನಡೆ ಬಿಟ್ಟು ಮತ್ತೆ ಕೇಳಿದೆ. ಅವರು ಚಾಟಿನಲ್ಲಿ ಬರೆದರು: "ಸ್ವಲ್ಪ ತಡೀರಿ ಸರ್ರ, ನೀವು ಹೆಂಗ ಹಿಡೀತೀರಿ ಅಂತ ನೋಡಾಕತ್ತೇನಿ. ನನಗ ಇದು ಬರೂದಿಲ್ಲ."

ನಾನು ಫೋನ್ ಕೆಳಗಿಟ್ಟೆ. ಅವರು ಕಲಿಯಲು ಆಡುತ್ತಿದ್ದರು. ನಾನು ಅವರ ಪಾಠದ ನಡುವೆ ಎರಡು ಸಲ ಬಾಗಿಲು ಬಡಿದಿದ್ದೆ. "ತಪ್ಪಾಯ್ತ್ರಿ, ಆಡ್ರಿ" ಅಂತ ಬರೆದು ಕೊನೆಯ ತನಕ ಆಡಿದೆ. ಆಟ ಡ್ರಾ ಆಯಿತು. ಆಮೇಲೆ ಅದೇ ಸ್ಥಿತಿಯನ್ನು ಮತ್ತೆ ಜೋಡಿಸಿ, ಈ ಸಲ ಅವರಿಗೆ ಬರೀ ಆನೆ ಕೊಟ್ಟು, ಅರ್ಧ ಗಂಟೆ ಇಬ್ಬರೂ ಕೂತೆವು.

ನಿಮ್ಮನ್ನು ಯಾರಾದರೂ ಕೇಳಿದರೆ

ಒಪ್ಪುವುದು, ಬಿಡುವುದು ನಿಮ್ಮ ಇಷ್ಟ. ಬೇಡ ಅನ್ನಲು ಕಾರಣ ಕೊಡಬೇಕಿಲ್ಲ. ತಪ್ಪು ಗುರುತು (×) ಒತ್ತಿ, ಅಥವಾ ಸುಮ್ನೆ ನಿಮ್ಮ ನಡೆ ಆಡಿ. ನಡೆ ಆಡಿದ ಕೂಡಲೇ ಅವರ ವಿನಂತಿ ತಾನಾಗಿ ಹೋಗುತ್ತದೆ. ಯೋಚನೆ ಮಾಡಬೇಕಿದ್ದರೆ ನಿಮ್ಮ ಸಮಯದಲ್ಲಿ ಮಾಡಿ, ಅದಕ್ಕೂ ಹಕ್ಕಿದೆ. ಆದರೆ ಚಾಟಿನಲ್ಲಿ "ಇಷ್ಟಕ್ಕೇ ಹೆದರಿದಿರಾ" ಅಂತೆಲ್ಲ ಚುಚ್ಚಬೇಡಿ.

ಸಮ ಇರುವ ಆಟವನ್ನು ಮುಂದುವರಿಸುವುದು ಸೊಕ್ಕು ಅಂತ ಕೆಲವರು ತಿಳಿಯುತ್ತಾರೆ. ಅದು ಸರಿಯಲ್ಲ. 2024ರ ಡಿಸೆಂಬರ್ 12ರಂದು ಸಿಂಗಪುರದಲ್ಲಿ ನಡೆದ ವಿಶ್ವ ಚಾಂಪಿಯನ್‌ಷಿಪ್‌ನ 14ನೇ ಆಟ ನೆನಪಿದೆ ಅಲ್ವಾ? ಗುಕೇಶ್ ಹತ್ತಿರ ಆನೆ, ಒಂಟೆ, ಮೂರು ಕಾಲಾಳು. ಡಿಂಗ್ ಲಿರೆನ್ ಹತ್ತಿರ ಆನೆ, ಒಂಟೆ, ಎರಡು ಕಾಲಾಳು. ನೋಡುತ್ತಿದ್ದವರೆಲ್ಲ ಇದು ಡ್ರಾ ಅನ್ನುತ್ತಿದ್ದರು. ಗುಕೇಶ್ ಆಡುತ್ತಲೇ ಇದ್ದರು. 55ನೇ ನಡೆಯಲ್ಲಿ ಡಿಂಗ್ ಆನೆಯನ್ನು ತಪ್ಪು ಮನೆಗೆ ಇಟ್ಟರು. ಇಬ್ಬರ ಆನೆಗಳೂ ಬದಲಾದವು, ಹಿಂದೆಯೇ ಒಂಟೆಗಳೂ ಬದಲಾದವು, ಉಳಿದದ್ದು ಗುಕೇಶ್ ಗೆಲ್ಲುವ ಕಾಲಾಳುಗಳ ಆಟ. ಹದಿನೆಂಟು ವರ್ಷದ ಹುಡುಗ ವಿಶ್ವ ಚಾಂಪಿಯನ್ ಆದ. ಡಿಂಗ್ ಕೈ ಕುಲುಕಿದರು. ಯಾಕೆ ಇಷ್ಟು ಹೊತ್ತು ಎಳೆದೆ ಅಂತ ಯಾರೂ ಕೇಳಲಿಲ್ಲ.

ರೇಟಿಂಗ್, ಅಂದರೆ ಆಟಗಾರರ ಬಲ ತೋರಿಸುವ ಅಂಕ, ಅದರ ಲೆಕ್ಕವೂ ಒಂದಿದೆ. ನಿಮಗಿಂತ 200 ಪಾಯಿಂಟ್ ಮೇಲಿರುವವರು ನಿಮ್ಮೆದುರು ನೂರು ಆಟ ಆಡಿದರೆ ಸುಮಾರು 76 ಪಾಯಿಂಟ್ ಗಳಿಸಬೇಕು ಅಂತ ಎಲೋ ಅನ್ನುವ ರೇಟಿಂಗ್ ಪದ್ಧತಿಯ ಲೆಕ್ಕ ಹೇಳುತ್ತದೆ. ಹಾಗಾಗಿ ಡ್ರಾ ಆದರೆ ಅವರ ರೇಟಿಂಗ್ ಇಳಿಯುತ್ತದೆ, ನಿಮ್ಮದು ಏರುತ್ತದೆ. ಅವರು ಬೇಡ ಅಂದರೆ ಅದರಲ್ಲಿ ಅವಮಾನ ಹುಡುಕಬೇಡಿ. ಕಡಿಮೆ ರೇಟಿಂಗ್ ಇರುವವರು ಕೇಳಲೇಬಾರದು ಅನ್ನುವವರೂ ಇದ್ದಾರೆ. ನಾನು ಒಪ್ಪುವುದಿಲ್ಲ. ಒಂದು ಸಲ ಕೇಳುವುದಕ್ಕೆ ಎಲ್ಲರಿಗೂ ಸಮಾನ ಹಕ್ಕು.

ಗುರುತಿನವರ ಜೊತೆ ಆಡುವಾಗ

ನಮ್ಮ ಕಡೆ ಇದು ನಾಜೂಕಿನ ವಿಷಯ. ಎದುರಿಗೆ ಕಾಕಾ ಇದ್ದಾರೆ, ಶಾಲೆಯ ಮಾಸ್ತರರು ಇದ್ದಾರೆ. ಅವರು ಡ್ರಾ ಕೇಳಿದರೆ ಹುಡುಗರಿಗೆ ಬೇಡ ಅನ್ನಲು ಬಾಯಿ ಬರುವುದಿಲ್ಲ. ಅದಕ್ಕೇ ದೊಡ್ಡವರಿಗೆ ನನ್ನ ವಿನಂತಿ: ಚಿಕ್ಕವರ ಜೊತೆ ಆಡುವಾಗ ನೀವಾಗಿ ಕೇಳಬೇಡಿ. ಅವರು ಕೇಳಲಿ, ನೀವು ಉತ್ತರ ಹೇಳಿ. ಹುಡುಗರಿಗೆ ನಾನು ಕಲಿಸಿರುವುದು ಇಷ್ಟು: "ಇನ್ನೊಂದ್ ಸ್ವಲ್ಪ ಆಡೋಣ್ರಿ ಕಾಕಾ." ಇದರಲ್ಲಿ ಮರ್ಯಾದೆಯೂ ಇದೆ, ಉತ್ತರವೂ ಇದೆ. ಲಿಚೆಸ್‌ನಲ್ಲಿ ಮಕ್ಕಳ ಖಾತೆಗೆ ಚಾಟ್ ಬಂದ್ ಮಾಡುವ ವ್ಯವಸ್ಥೆ ಇದೆ. ಅದು ಆನ್ ಇದ್ದರೆ ಮಾತಿನ ಗೊಡವೆಯೇ ಇಲ್ಲ, ಬಟನ್ ಒಂದೇ.

ಆಟಕ್ಕೆ ಮುಂಚೆಯೇ ಗೆಳೆಯರಿಬ್ಬರು ಡ್ರಾ ಮಾತಾಡಿಕೊಳ್ಳುವುದು ಮಾತ್ರ ಖಂಡಿತ ಬೇಡ. ಇದನ್ನು ಎಲ್ಲ ಕಡೆಯೂ ಮೋಸ ಅಂತಲೇ ಎಣಿಸುತ್ತಾರೆ, ಖಾತೆ ಮುಚ್ಚಿಹೋಗಬಹುದು. ಲಿಚೆಸ್ ಅರೀನಾ ಟೂರ್ನಿಯಲ್ಲಿ ಮೊದಲ ಹತ್ತು ನಡೆಯೊಳಗೆ ಡ್ರಾ ಮಾಡಿಕೊಂಡರೆ ಇಬ್ಬರಿಗೂ ಪಾಯಿಂಟ್ ಸಿಗುವುದಿಲ್ಲ.

ನೆಟ್‌ವರ್ಕ್ ಹೋದಾಗ

ಹುಬ್ಬಳ್ಳಿಯಿಂದ ಧಾರವಾಡಕ್ಕೆ ಬಸ್ಸಿನಲ್ಲಿ ಬರುತ್ತಾ ಹತ್ತು ನಿಮಿಷದ ಆಟ ಶುರು ಮಾಡುವವರು ಬಹಳ. ನೆಟ್ ಕೈಕೊಟ್ಟರೆ ಎದುರಿನವರು ಕಾಯುತ್ತಾ ಕೂರಬೇಕು. ದಾರಿಯಲ್ಲಿ ಆಡುವುದಾದರೆ ರೇಟಿಂಗ್ ಇಲ್ಲದ ಆಟ ಆಡಿ.

ಎದುರಿನವರ ನೆಟ್ ಹೋದರೆ ಏನು ಮಾಡಬೇಕು? ಲಿಚೆಸ್‌ನಲ್ಲಿ ಸ್ವಲ್ಪ ಹೊತ್ತು ಕಾದ ಮೇಲೆ ನಿಮ್ಮ ಮುಂದೆ ಆಯ್ಕೆ ಬರುತ್ತದೆ: ಗೆಲುವು ತೆಗೆದುಕೊಳ್ಳಿ, ಡ್ರಾ ಅನ್ನಿ, ಇಲ್ಲವೇ ಇನ್ನೂ ಕಾಯಿರಿ. ಗೆಲುವು ತೆಗೆದುಕೊಂಡರೆ ತಪ್ಪೇನಿಲ್ಲ. ನೀವು ಗೆಲ್ಲುತ್ತಿದ್ದರೆ, ಅಥವಾ ಅವರು ಸೋಲುವ ಹೊತ್ತಿಗೇ ಎದ್ದುಹೋಗಿದ್ದರೆ, ಯೋಚನೆ ಮಾಡದೆ ತೆಗೆದುಕೊಳ್ಳಿ. ಸಮ ಇದ್ದರೆ ಡ್ರಾ ಬಟನ್ ಇದೆ ಅನ್ನುವುದು ನೆನಪಿರಲಿ.

ಗದಗದ ಒಬ್ಬ ಕಾಕಾ ನನ್ನ ಜೊತೆ ವಾರಕ್ಕೆರಡು ರಾತ್ರಿ ಆಡುತ್ತಾರೆ. ನಿವೃತ್ತರು. ಪ್ರತಿ ನಡೆಗೂ ನಿಧಾನ, ಒಂದೂ ಕೆಟ್ಟ ಮಾತಿಲ್ಲ. ಆಗಸ್ಟಿನ ಒಂದು ರಾತ್ರಿ ಇಲ್ಲಿ ಧೋ ಅಂತ ಮಳೆ. ನಮ್ಮ ಆಟ ಕುದುರೆ ಎದುರು ಒಂಟೆಗೆ ಬಂದಿತ್ತು. ಕಾಲಾಳು ನಾಲ್ಕು ನಾಲ್ಕು. ನಾನು ನನ್ನ ಕುದುರೆಯನ್ನು ನಡು ಮನೆಗೆ ತಂದು ಕಾಯುತ್ತಿದ್ದೆ. ಅವರ ಹೆಸರಿನ ಪಕ್ಕದ ಹಸಿರು ಚುಕ್ಕಿ ಆರಿತು. ಒಂದು ನಿಮಿಷ ಆಯಿತು. ಆ ಮೂರು ಆಯ್ಕೆ ಪರದೆಗೆ ಬಂದವು. ಇನ್ನೂ ಸ್ವಲ್ಪ ಕಾದೆ. ಅವರ ಗಡಿಯಾರ ಒಂದು ನಿಮಿಷಕ್ಕಿಂತ ಕೆಳಗೆ ಇಳಿಯುತ್ತಿತ್ತು. ಡ್ರಾ ಒತ್ತಿದೆ.

ಮರುದಿನ ಬೆಳಿಗ್ಗೆ ಅವರ ಮೆಸೇಜು ಬಂದಿತ್ತು. "ಕರೆಂಟ್ ಹೋಗಿತ್ತಪಾ, ವೈಫೈನೂ ಹೋತು. ಫೋನ್‌ನ್ಯಾಗ ನೋಡ್ತೀನಿ, ಡ್ರಾ ಅಂತ ಐತಿ. ನನ್ನ ಒಂಟಿ ಚಲೋ ಇತ್ತು ನೋಡು, ನಿನ್ನ ಕುದರಿಗಿಂತ. ಗುರುವಾರ ಒಂಬತ್ತಕ್ಕ ಕೂಡು, ಅಲ್ಲಿಂದನ ಮುಂದ ಆಡೂಣು."

ಗುರುವಾರ ಒಂಬತ್ತಕ್ಕೆ ಅದೇ ಸ್ಥಿತಿ ಜೋಡಿಸಿಟ್ಟು ಕಾದೆ. ಕಾಕಾ ಬಂದರು. ಅವರ ಒಂಟೆ ನಿಜವಾಗಿಯೂ ಚಲೋ ಇತ್ತು.